ಬ್ರೆಜಿಲ್ ಜಾಝ್ ಕಚೇರಿಗಳ ಟೇಪುಗಳು: ಊರು, ದಿನ, ವಾದಕರ ಪತ್ತೆ

ಸಾಂಬಾ ಲಯಕ್ಕೆ ಅಮೆರಿಕದ ಜಾಝ್ ಬೆರೆತು 1950ರ ದಶಕದ ಕೊನೆಯಲ್ಲಿ ಬ್ರೆಜಿಲ್‌ನಲ್ಲಿ ಬೋಸಾ ನೋವಾ ಸಂಗೀತ ರೂಪುಗೊಂಡಿತು. ಅದರ ಕಚೇರಿಗಳಲ್ಲಿ ಕೆಲವನ್ನು ಕಂಪನಿಗಳು ಮುದ್ರಿಸಿ ಮಾರಿದವು. ಇನ್ನು ಕೆಲವನ್ನು ಗೆಳೆಯರ ಮನೆಗಳಲ್ಲಿ, ನೈಟ್‌ಕ್ಲಬ್‌ಗಳಲ್ಲಿ ಟೇಪ್ ರೆಕಾರ್ಡರ್ ಇದ್ದವರು ಹಿಡಿದಿಟ್ಟರು. ಎರಡನೆಯ ಬಗೆಯ ಟೇಪು ಕೈಯಿಂದ ಕೈಗೆ ದಾಟಿ ಪ್ರತಿಯಾಗುತ್ತಾ ಹೋದಂತೆ ಡಬ್ಬಿಯ ಮೇಲಿನ ಬರಹ ಕಳೆದುಹೋಗುತ್ತದೆ, ಇಲ್ಲವೇ ಯಾರೋ ಊಹಿಸಿ ಬರೆದದ್ದೇ ದಾಖಲೆ ಎನಿಸಿಕೊಳ್ಳುತ್ತದೆ. ಸಾವೊ ಪಾಲೊದ ಟಿವಿ ರೆಕಾರ್ಡ್ ವಾಹಿನಿಯಲ್ಲಿ 1960ರ ದಶಕದಲ್ಲಿ ಬಿದ್ದ ಬೆಂಕಿಗಳಿಂದ ಮೂಲ ಟೇಪುಗಳೂ ಬಹಳಷ್ಟು ನಾಶವಾದವು.

ಹಾಡುಗಳ ಪಟ್ಟಿ

ಪತ್ತೆಯ ಮೊದಲ ಹೆಜ್ಜೆ ಹಾಡುಗಳ ಪಟ್ಟಿ. ‘ಗರೋಟಾ ಡಿ ಇಪನೆಮಾ’ ಮೊದಲು ಜನರ ಮುಂದೆ ಬಂದದ್ದು 1962ರ ಆಗಸ್ಟ್‌ನಲ್ಲಿ, ರಿಯೊ ಡಿ ಜನೈರೊದ ಕೊಪಕಬಾನಾ ಬಡಾವಣೆಯ ಔ ಬಾನ್ ಗೂರ್ಮೆ ಕ್ಲಬ್ಬಿನಲ್ಲಿ. ಟಾಮ್ ಜೊಬಿಂ, ಜೊವಾವೊ ಜಿಲ್ಬೆರ್ಟೊ, ಕವಿ ವಿನಿಸಿಯಸ್ ಡಿ ಮೊರೈಸ್ ಅಲ್ಲಿ ಒಂದೇ ವೇದಿಕೆಯಲ್ಲಿದ್ದರು. ಆ ಹಾಡಿರುವ ಕಚೇರಿಯ ಟೇಪಿನ ಮೇಲೆ 1960 ಎಂದು ಬರೆದಿದ್ದರೆ ಬರಹ ತಪ್ಪು. ಆದರೆ ಹಾಡು ಇಲ್ಲ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ. ಕಲಾವಿದರು ಎಲ್ಲ ಕಚೇರಿಗಳಲ್ಲೂ ಎಲ್ಲ ಹಾಡುಗಳನ್ನೂ ಹಾಡುವುದಿಲ್ಲ.

ಕಲಾವಿದರ ಓಡಾಟ

ಎರಡನೆಯ ಸಾಕ್ಷಿ ಕಲಾವಿದರ ಓಡಾಟ. 1962ರ ನವೆಂಬರ್ 21ರಂದು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಬೋಸಾ ನೋವಾ ಕಚೇರಿ ನಡೆಯಿತು. ಅಲ್ಲಿಗೆ ಹೋದ ಜಿಲ್ಬೆರ್ಟೊ ಮುಂದಿನ ಹಲವು ವರ್ಷಗಳನ್ನು ಬಹುಪಾಲು ವಿದೇಶದಲ್ಲೇ ಕಳೆದರು. ಪಿಯಾನೊ ವಾದಕ ಸೆರ್ಜಿಯೊ ಮೆಂಡಿಸ್ 1964ರಲ್ಲಿ ಅಮೆರಿಕಕ್ಕೆ ನೆಲೆ ಬದಲಿಸಿದರು. ಇವರಿಬ್ಬರ ಹೆಸರಿರುವ ಟೇಪು 1967ರ ರಿಯೊದ್ದು ಎಂದು ಬಂದರೆ, ಅವರು ಆಗ ಅಲ್ಲಿದ್ದರೇ ಎಂದು ಪತ್ರಿಕೆಗಳ ಕಾರ್ಯಕ್ರಮ ಪಟ್ಟಿಗಳಲ್ಲಿ ನೋಡದೆ ಒಪ್ಪುವಂತಿಲ್ಲ. ದಿನಾಂಕ ಓದುವಾಗಲೂ ಎಚ್ಚರ ಬೇಕು. ಬ್ರೆಜಿಲ್‌ನಲ್ಲಿ ಮೊದಲು ದಿನ, ಅಮೆರಿಕದಲ್ಲಿ ಮೊದಲು ತಿಂಗಳು ಬರೆಯುವುದು ರೂಢಿ. 5/4 ಎಂಬುದು ಒಂದು ಕಡೆ ಏಪ್ರಿಲ್ 5, ಇನ್ನೊಂದು ಕಡೆ ಮೇ 4.

ವಿದ್ಯುತ್ತಿನ ಗುಂಯ್‌ಗುಟ್ಟುವಿಕೆ

ಟೇಪು ತಾನೇ ಕೊಡುವ ಸಾಕ್ಷಿಯೂ ಉಂಟು. ಹಳೆಯ ಧ್ವನಿಮುದ್ರಣಗಳಲ್ಲಿ ವಿದ್ಯುತ್ ಸರಬರಾಜಿನ ಸಣ್ಣ ಗುಂಯ್‌ಗುಟ್ಟುವಿಕೆ ಸೇರಿಕೊಂಡಿರುತ್ತದೆ. 1960ರ ದಶಕದ ಮೊದಲ ವರ್ಷಗಳಲ್ಲಿ ರಿಯೊದ ವಿದ್ಯುತ್ 50 ಹರ್ಟ್ಸ್, ಸಾವೊ ಪಾಲೊದ್ದು 60 ಹರ್ಟ್ಸ್. 1964ರ ನವೆಂಬರ್‌ನ ಕಾನೂನು ದೇಶಕ್ಕೆಲ್ಲ 60 ಹರ್ಟ್ಸ್ ಎಂದು ಗೊತ್ತುಮಾಡಿದ ಮೇಲೆ ರಿಯೊ ಹಂತಹಂತವಾಗಿ ಬದಲಾಯಿತು. ಹಾಗಾಗಿ ಗುಂಯ್‌ಗುಟ್ಟುವಿಕೆಯನ್ನು ಅಳೆದರೆ ಊರಿನ ಸುಳಿವು ಸಿಗಬೇಕು. ಆದರೆ ಇದರಲ್ಲೊಂದು ಮೋಸವಿದೆ. ಟೇಪ್ ರೆಕಾರ್ಡರ್‌ನ ಮೋಟಾರು ವಿದ್ಯುತ್ತಿನ ಹರ್ಟ್ಸ್‌ಗೆ ತಕ್ಕಂತೆ ತಿರುಗುವ ಜಾತಿಯದಾಗಿದ್ದು, 60 ಹರ್ಟ್ಸ್‌ಗೆ ತಯಾರಾದ ಯಂತ್ರವನ್ನು ರಿಯೊದಲ್ಲಿ ಓಡಿಸಿದ್ದರೆ, ಮುದ್ರಣದ ವೇಳೆ ಟೇಪು ನಿಧಾನವಾಗಿ ಸಾಗಿರುತ್ತದೆ. ಅದನ್ನು ಸರಿಯಾದ ವೇಗದ ಯಂತ್ರದಲ್ಲಿ ಕೇಳಿದಾಗ ಹಾಡು ಶೇ 20ರಷ್ಟು ವೇಗವಾಗಿ ಓಡಿ, ಶ್ರುತಿ ಮೂರು ಸ್ವರಸ್ಥಾನಕ್ಕೂ ತುಸು ಹೆಚ್ಚು ಏರುತ್ತದೆ. ಜೊತೆಗೆ 50 ಹರ್ಟ್ಸ್‌ನ ಗುಂಯ್‌ಗುಟ್ಟುವಿಕೆಯೂ 60ಕ್ಕೆ ಏರಿ, ರಿಯೊದ ಟೇಪು ಸಾವೊ ಪಾಲೊದ್ದೆಂದು ತೋರುತ್ತದೆ. ಆದ್ದರಿಂದ ಗಿಟಾರಿನ ಶ್ರುತಿ, ಗಾಯಕರ ಕಂಠ ಎರಡನ್ನೂ ಇತರ ಮುದ್ರಿಕೆಗಳೊಡನೆ ಹೋಲಿಸಿ, ಮೊದಲು ವೇಗ ಸರಿಪಡಿಸಬೇಕು. ಪ್ರತಿ ಮಾಡಿದ ಯಂತ್ರದಿಂದಲೂ ಗುಂಯ್‌ಗುಟ್ಟುವಿಕೆ ಸೇರಬಹುದಾದ್ದರಿಂದ ಇದೊಂದನ್ನೇ ನಂಬಿ ತೀರ್ಮಾನಿಸುವುದು ಸಲ್ಲ.

ಚಪ್ಪಾಳೆ ನಂಬಬಹುದೇ?

ಕಂಪನಿಯ ಮುದ್ರಿಕೆಗಳೂ ಸಂಶಯಾತೀತವಲ್ಲ. ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಜ್, ಗಾಯಕಿ ಆಸ್ಟ್ರುಡ್ ಜಿಲ್ಬೆರ್ಟೊ ಅವರ 1964ರ ‘ಗೆಟ್ಜ್ ಔ ಗೋ ಗೋ’ ಎಲ್‌ಪಿ ನ್ಯೂಯಾರ್ಕ್‌ನ ಕಫೆ ಔ ಗೋ ಗೋದಲ್ಲಿ ಮುದ್ರಣವಾದದ್ದೆಂದು ಹೊದಿಕೆ ಹೇಳುತ್ತದೆ. ಅದರ ಕೆಲವು ಹಾಡುಗಳು ಬೇರೆಡೆ ಮುದ್ರಣವಾದವು ಎಂಬ ವಾದ ಮುದ್ರಿಕೆ ಪಟ್ಟಿಕಾರರಲ್ಲಿ ಬಹುಕಾಲದಿಂದ ಇದೆ. ಸ್ಟುಡಿಯೋ ಮುದ್ರಣಕ್ಕೆ ಚಪ್ಪಾಳೆ ಸೇರಿಸುವುದು ಆ ಕಾಲದ ಕಂಪನಿಗಳಿಗೆ ಹೊಸದೇನಲ್ಲ. ಒಂದೇ ಚಪ್ಪಾಳೆ ಎರಡು ಹಾಡುಗಳ ಕೊನೆಯಲ್ಲಿ ಕೇಳಿಬಂದರೆ, ಸಭಾಂಗಣದ ಗದ್ದಲ ಹಾಡಿನ ನಡುವೆ ಪೂರ್ತಿ ನಿಂತುಹೋದರೆ ಅನುಮಾನಪಡಬೇಕು.

ಮುದ್ರಿಸಿದವರೇ ಕಾಪಾಡಿದಾಗ

ಮುದ್ರಿಸಿದ ಸಂಸ್ಥೆಯೇ ಟೇಪನ್ನು ಇಟ್ಟುಕೊಂಡಿದ್ದರೆ ಈ ತೊಡಕುಗಳು ಬಹಳಷ್ಟು ಇಲ್ಲವಾಗುತ್ತವೆ. ಸಾವೊ ಪಾಲೊದ ಸೆಸ್ಕ್ ವಿಲಾ ಮರಿಯಾನಾ ಸಭಾಂಗಣದಲ್ಲಿ 1998ರ ಏಪ್ರಿಲ್ 5ರಂದು ಜೊವಾವೊ ಜಿಲ್ಬೆರ್ಟೊ ನೀಡಿದ ಕಚೇರಿ ಸೆಸ್ಕ್ ಸಂಸ್ಥೆಯಲ್ಲೇ ಉಳಿದು, 2023ರಲ್ಲಿ ಬಿಡುಗಡೆಯಾಯಿತು. ಸ್ವಿಟ್ಜರ್ಲೆಂಡ್‌ನ ಮಾಂಟ್ರೂ ಜಾಝ್ ಉತ್ಸವದಲ್ಲಿ ಎಲಿಸ್ ರೆಜೀನಾ, ಎರ್ಮೆಟೊ ಪಾಸ್ಕೊಆಲ್ 1979ರಲ್ಲಿ ನೀಡಿದ ಕಚೇರಿಗಳೂ ಉತ್ಸವದ ಸಂಗ್ರಹದಲ್ಲಿವೆ. ಆ ಸಂಗ್ರಹ 2013ರಲ್ಲಿ ಯುನೆಸ್ಕೊದ ‘ವಿಶ್ವ ಸ್ಮೃತಿ’ ಪಟ್ಟಿಗೆ ಸೇರಿತು.

ಹೊದಿಕೆಯ ಬರಹ ಒಂದು ಹೇಳಿಕೆ ಮಾತ್ರ. ಊರು, ದಿನ, ವಾದಕರು ಈ ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ, ಯಾವುದು ದಾಖಲೆಯಿಂದ ಸಿದ್ಧ, ಯಾವುದು ಊಹೆ ಎಂದು ಪಟ್ಟಿಯಲ್ಲಿ ವಿಂಗಡಿಸಿ ಬರೆಯಬೇಕು. ಹಾಗೆ ಬರೆಯದ ಪಟ್ಟಿ ಹಳೆಯ ತಪ್ಪನ್ನೇ ಮತ್ತೊಮ್ಮೆ ಪ್ರತಿ ಮಾಡುತ್ತದೆ.