ತೆರೆದ ಬಾವಿಯೂ ಮರೆಯುವ ಲೋಕವೂ

೨೦೧೭ನೆಯ ಇಸವಿ ಏಪ್ರಿಲ್ ೨೨ನೆಯ ತಾರೀಖಿನ ಸಾಯಂಕಾಲ ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನ ಝುಂಜರವಾಡ ಗ್ರಾಮದಲ್ಲಿ ಆರು ವರ್ಷದ ಹೆಣ್ಣುಮಗುವೊಂದು ನೀರಿಲ್ಲದ ಕೊಳವೆಬಾವಿಯೊಳಗೆ ಜಾರಿಬಿದ್ದಿತು. ಎರಡು ಹಗಲು ಎರಡು ರಾತ್ರಿ ಮಣ್ಣು ಅಗೆದರು, ಬಂಡೆ ಒಡೆದರು. ೨೪ನೆಯ ತಾರೀಖಿನ ರಾತ್ರಿ ಮಗುವನ್ನು ಹೊರಗೆ ತೆಗೆದಾಗ ಅದರಲ್ಲಿ ಪ್ರಾಣವಿರಲಿಲ್ಲ. ಆ ಎರಡು ದಿನ ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಿಯೂ, ಉಡುಪಿಯ ರಥಬೀದಿಯಲ್ಲಿಯೂ, ಕಾಪು ಕಾರ್ಕಳಗಳ ಬಸ್ಸು ನಿಲ್ದಾಣಗಳಲ್ಲಿಯೂ ಜನರ ಬಾಯಲ್ಲಿದ್ದುದು ಒಂದೇ ಮಾತು: ‘ಮಗು ಸಿಕ್ಕಿತೇ?’ ಅಥಣಿ ಎಲ್ಲಿದೆಯೆಂದು ತಿಳಿಯದವರೂ ಕೇಳಿದರು. ವಾರವೆರಡು ಕಳೆಯುವಷ್ಟರಲ್ಲಿ ಕೇಳುವವರೇ ಇಲ್ಲವಾದರು. ನಾವು ಇಂದು ಬರೆಯಹೊರಟಿರುವುದು ಆ ಕೇಳಿಕೆಯನ್ನು ಕುರಿತು, ಅದಕ್ಕಿಂತ ಹೆಚ್ಚಾಗಿ ಆ ಮೌನವನ್ನು ಕುರಿತು.

ಇದು ಮೊದಲನೆಯದಲ್ಲ. ೨೦೧೪ನೆಯ ಆಗಸ್ಟಿನಲ್ಲಿ ಬಾಗಲಕೋಟೆ ಜಿಲ್ಲೆಯ ಬಾದಾಮಿ ತಾಲ್ಲೂಕಿನ ಸೂಳಿಕೇರಿಯಲ್ಲಿ ಆರು ವರ್ಷದ ಬಾಲಕನು ಹೀಗೆಯೇ ಬಿದ್ದನು. ಒಂದು ವಾರ ಕಳೆದ ಮೇಲೆ ದೊರೆತುದು ಅವನ ದೇಹ ಮಾತ್ರ. ಇದಕ್ಕೆ ಪ್ರತಿಯಾಗಿ ೨೦೨೪ನೆಯ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ತಲೆಕೆಳಗಾಗಿ ಬಿದ್ದಿದ್ದ ಎರಡು ವರ್ಷವೂ ತುಂಬದ ಕೂಸನ್ನು ಸುಮಾರು ಇಪ್ಪತ್ತು ಗಂಟೆಗಳ ದುಡಿಮೆಯಿಂದ ಜೀವಸಹಿತ ಎತ್ತಿದರು. ನಮ್ಮ ಜಿಲ್ಲೆಯ ಮರವಂತೆಯಲ್ಲಿ ೨೦೨೦ನೆಯ ಫೆಬ್ರುವರಿಯಲ್ಲಿ ಕೊಳವೆಬಾವಿಯ ಬಳಿ ಮಣ್ಣು ಕುಸಿದು ಹೂತುಹೋದ ತರುಣನನ್ನೂ ಗಂಟೆಗಟ್ಟಲೆ ಶ್ರಮಿಸಿ ಬದುಕಿಸಿದರು. ಬದುಕಿದಾಗ ಜಯಕಾರ, ಬದುಕದಾಗ ಧಿಕ್ಕಾರ. ಎರಡೂ ಸಂದರ್ಭಗಳಲ್ಲಿ ದುಡಿದವರ ಬೆವರು ಒಂದೇ ಎಂಬುದನ್ನು ಲೋಕವು ನೆನೆಯುವುದಿಲ್ಲ.

ರಕ್ಷಣೆಯು ಏಕೆ ಸೋಲುತ್ತದೆಂಬುದನ್ನು ತಿಳಿಯದೆ ದೂಷಿಸುವುದು ನ್ಯಾಯವಲ್ಲ. ಕೊಳವೆಬಾವಿಯ ಬಾಯಿ ಸುಮಾರು ಒಂದು ಗೇಣು ಅಗಲ. ಮಗು ಜಾರಬಹುದು, ದೊಡ್ಡವರು ಇಳಿಯಲಾಗದು. ಹಗ್ಗವನ್ನೋ ಕೊಕ್ಕೆಯನ್ನೋ ಬಿಟ್ಟರೆ ಮಗು ಇನ್ನಷ್ಟು ಕೆಳಕ್ಕೆ ಜಾರುವ ಭಯ. ಆದುದರಿಂದ ನಳಿಗೆಯಿಂದ ಪ್ರಾಣವಾಯುವನ್ನು ಬಿಟ್ಟು, ಪಕ್ಕದಲ್ಲಿ ಇನ್ನೊಂದು ದೊಡ್ಡ ಹೊಂಡವನ್ನು ತೋಡಿ, ಮಗುವಿರುವ ಆಳಕ್ಕೆ ಮುಟ್ಟಿದ ಮೇಲೆ ಅಡ್ಡಲಾಗಿ ಕೈಯಿಂದ ಸುರಂಗ ಕೊರೆಯಬೇಕು. ಯಂತ್ರವನ್ನು ಜೋರಾಗಿ ನಡೆಯಿಸಿದರೆ ಅದುರಿಕೆಯಿಂದ ಮಣ್ಣು ಮಗುವಿನ ಮೇಲೆಯೇ ಸುರಿಯುತ್ತದೆ. ಮೆಲ್ಲನೆ ನಡೆಯಿಸಿದರೆ ಹೊತ್ತು ಮೀರುತ್ತದೆ. ನಡುವೆ ಕರಿಬಂಡೆ ಸಿಕ್ಕಿತೆಂದರೆ ಲೆಕ್ಕವೆಲ್ಲ ತಲೆಕೆಳಗು. ದಡದಲ್ಲಿ ನಿಂತು ‘ಇಷ್ಟೂ ಆಗದೇ?’ ಎನ್ನುವವರು ಈ ಇಕ್ಕಟ್ಟನ್ನು ಒಂದು ಗಳಿಗೆ ಯೋಚಿಸಬೇಕು.

ಇಂತಹ ದುರಂತಗಳಲ್ಲಿ ಜನರು ಹೇಗೆ ವರ್ತಿಸುತ್ತಾರೆಂಬುದಕ್ಕೆ ನೂರು ವರ್ಷಗಳ ಹಿಂದಿನ ಅಮೇರಿಕದ ಸಂಗತಿಯೊಂದು ಕನ್ನಡಿಯಂತಿದೆ. ಕೆಂಟಕಿ ಸಂಸ್ಥಾನದಲ್ಲಿ ಫ್ಲಾಯ್ಡ್ ಕಾಲಿನ್ಸ್ ಎಂಬ ಗುಹಾಶೋಧಕನು ೧೯೨೫ನೆಯ ಜನವರಿ ೩೦ರಂದು ಸ್ಯಾಂಡ್ ಕೇವ್ ಎಂಬ ಗುಹೆಯೊಳಗೆ ತೆವಳುತ್ತಿದ್ದಾಗ ಕಾಲಮೇಲೆ ಕಲ್ಲೊಂದು ಉರುಳಿ ಸಿಕ್ಕಿಕೊಂಡನು. ಕೆಲವು ದಿನ ಅವನಿಗೆ ಅನ್ನಪಾನ ತಲುಪಿಸಿದರು; ಮಿಲ್ಲರ್ ಎಂಬ ಪತ್ರಕರ್ತನು ತಾನೇ ಒಳಕ್ಕೆ ತೆವಳಿ ಹೋಗಿ ಮಾತನಾಡಿಸಿ ಬಂದನು. ಆಮೇಲೆ ದಾರಿ ಕುಸಿಯಿತು. ಮೇಲಿನಿಂದ ಬಾವಿ ತೋಡಿ ಫೆಬ್ರುವರಿ ೧೬ರಂದು ಮುಟ್ಟಿದಾಗ ಅವನು ಸತ್ತಿದ್ದನು. ಅಷ್ಟರಲ್ಲಿ ಗುಹೆಯ ಮುಂದೆ ಸಾವಿರಾರು ಜನರ ಜಾತ್ರೆ ನೆರೆದಿತ್ತು. ತಿಂಡಿ ಮಾರುವವರು, ಆಟಿಕೆ ಮಾರುವವರು ಸಾಲುಗಟ್ಟಿದ್ದರು. ಅವನು ಸಿಕ್ಕಿಬಿದ್ದುದೇ ಸುಳ್ಳು, ಇದು ಪ್ರಚಾರದ ಉಪಾಯವೆಂಬ ವದಂತಿಯೂ ಹಬ್ಬಿ, ವಿಚಾರಣೆಯನ್ನೇ ನಡೆಯಿಸಬೇಕಾಯಿತು. ಸತ್ತ ಮೇಲೆಯೂ ಬಿಡಲಿಲ್ಲ. ಅವನ ದೇಹವನ್ನು ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು ಗುಹೆ ನೋಡಬಂದವರಿಗೆ ತೋರಿಸಿ ಹಣ ಮಾಡಿದರು. ಮಿಲ್ಲರನಿಗೆ ಮರುವರ್ಷ ಪುಲಿಟ್ಜರ್ ಬಹುಮಾನ ಬಂದಿತು.

ಅದು ಪರದೇಶದ ಮಾತೆಂದು ನಾವು ಮೀಸೆ ತಿರುವುವಂತಿಲ್ಲ. ೨೦೦೬ನೆಯ ಜುಲೈಯಲ್ಲಿ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯಲ್ಲಿ ಕೊಳವೆಯೊಳಗೆ ಬಿದ್ದ ಬಾಲಕನನ್ನು ಸೇನೆಯವರು ಎರಡು ದಿನಗಳ ಮೇಲೆ ಕಾಪಾಡಿದುದನ್ನು ದೂರದರ್ಶನ ವಾಹಿನಿಗಳು ಎಡೆಬಿಡದೆ ತೋರಿಸಿದವು. ಅಂದಿನಿಂದ ಪ್ರತಿಯೊಂದು ಕೊಳವೆಬಾವಿಯೂ ಒಂದು ರಂಗಸ್ಥಳವಾಗಿದೆ. ಜನರು ದೇವಾಲಯಗಳಲ್ಲಿ ಪ್ರಾರ್ಥಿಸುತ್ತಾರೆ. ಇದು ಮನುಷ್ಯಹೃದಯದ ಒಳ್ಳೆಯ ಗುಣ, ನಾವು ಕೈಮುಗಿಯುತ್ತೇವೆ. ಆದರೆ ಅದೇ ಜನರು ಹೊಂಡದ ಅಂಚಿನವರೆಗೆ ನುಗ್ಗಿ ಕೆಲಸಕ್ಕೆ ಅಡ್ಡಿಯಾಗುತ್ತಾರೆ. ‘ತಾಯಿ ಏನು ಮಾಡುತ್ತಿದ್ದಳು?’ ಎಂದು, ಎದೆ ಬಡಿದುಕೊಳ್ಳುತ್ತಿರುವ ಹೆಂಗಸನ್ನೇ ಪರೀಕ್ಷೆಗೆ ನಿಲ್ಲಿಸುತ್ತಾರೆ. ಕೂಲಿಗೆ ಹೋಗದಿದ್ದರೆ ಒಲೆ ಹೊತ್ತದ ಮನೆಯಲ್ಲಿ ಮಗುವನ್ನು ಹೊಲಕ್ಕೆ ಕರೆದೊಯ್ಯದೆ ಇನ್ನೆಲ್ಲಿ ಬಿಡಬೇಕು? ಪತ್ರಿಕೆಗಳವರಾದ ನಾವೂ ನಿರ್ದೋಷಿಗಳಲ್ಲ. ಮಗು ಒಳಗಿರುವಷ್ಟು ದಿನ ಮುಖಪುಟ, ಹೊರಬಂದ ಮೇಲೆ ಮೂಲೆಯ ನಾಲ್ಕು ಸಾಲು: ಈ ರೂಢಿಯನ್ನು ಬೆಳೆಯಿಸಿದವರಲ್ಲಿ ನಾವೂ ಸೇರಿದ್ದೇವೆಂದು ಒಪ್ಪಿಕೊಳ್ಳದೆ ಇತರರಿಗೆ ಬುದ್ಧಿ ಹೇಳುವುದು ನಮಗೆ ಶೋಭಿಸದು.

ಕಾನೂನಿನ ಕೊರತೆಯಿದೆಯೇ? ಇಲ್ಲ. ಸರ್ವೋಚ್ಚ ನ್ಯಾಯಾಲಯವು ೨೦೧೦ನೆಯ ಇಸವಿಯಲ್ಲಿಯೇ ಸ್ಪಷ್ಟವಾದ ಆಜ್ಞೆಗಳನ್ನು ಕೊಟ್ಟಿದೆ. ಬಾವಿ ಕೊರೆಯಿಸುವವನು ಹದಿನೈದು ದಿನ ಮುಂಚಿತವಾಗಿ ಅಧಿಕಾರಿಗಳಿಗೆ ಬರೆದು ತಿಳಿಸಬೇಕು. ಸ್ಥಳದಲ್ಲಿ ಫಲಕ ನಿಲ್ಲಿಸಬೇಕು, ಬೇಲಿ ಕಟ್ಟಬೇಕು. ಕೊಳವೆಯ ಸುತ್ತ ಸಿಮೆಂಟಿನ ಕಟ್ಟೆ ಮಾಡಿ ಬಾಯಿಗೆ ಕಬ್ಬಿಣದ ಮುಚ್ಚಳ ಬೆಸೆಯಬೇಕು. ಕೈಬಿಟ್ಟ ಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು ಮರಳು ಕಲ್ಲುಗಳಿಂದ ತುಂಬಬೇಕು. ನಮ್ಮ ರಾಜ್ಯದಲ್ಲಿ ೨೦೧೧ನೆಯ ಅಂತರ್ಜಲ ಅಧಿನಿಯಮವೂ ಇದೆ. ಝುಂಜರವಾಡದ ಮಗುವಾಗಲಿ ಸೂಳಿಕೇರಿಯ ಮಗುವಾಗಲಿ ಈ ಆಜ್ಞೆಗಳು ಹೊರಟ ಮೇಲೆ ಸತ್ತುವೆಂಬುದನ್ನು ಅಧಿಕಾರಿವರ್ಗವು ಮನಸ್ಸಿಗೆ ತಂದುಕೊಳ್ಳಬೇಕು. ಆಜ್ಞೆಯು ಕಡತದಲ್ಲಿ ಮಲಗಿದ್ದರೆ ಬಾವಿಯು ಹೊಲದಲ್ಲಿ ಬಾಯಿ ತೆರೆದೇ ಇರುತ್ತದೆ.

ದಂಡವೊಂದರಿಂದಲೇ ಇದು ಸರಿಹೋಗುವುದೆಂದು ನಾವು ನಂಬುವುದಿಲ್ಲ. ಬಾವಿ ಏಕೆ ತೆರೆದಿರುತ್ತದೆ? ರೈತನು ಸಾಲ ಮಾಡಿ ಕೊರೆಯಿಸುತ್ತಾನೆ, ನೀರು ಬೀಳುವುದಿಲ್ಲ. ಹೋದ ಹಣದಲ್ಲಿ ಸ್ವಲ್ಪವಾದರೂ ಉಳಿಯಲೆಂದು ಮೇಲ್ಭಾಗದಲ್ಲಿ ಇಳಿಸಿದ್ದ ಕೊಳವೆಯನ್ನು ಕಿತ್ತು ಇನ್ನೊಂದು ಕಡೆ ಉಪಯೋಗಿಸುತ್ತಾನೆ. ಉಳಿದ ತೂತಿನ ಮೇಲೆ ಗೋಣಿಯನ್ನೋ ಮುಳ್ಳನ್ನೋ ಹಾಕಿ ಮನೆಗೆ ನಡೆಯುತ್ತಾನೆ. ಅವನ ಅಪರಾಧವನ್ನು ನಾವು ಮರೆಮಾಚುವುದಿಲ್ಲ. ಆದರೆ ಅದರ ಬೇರು ಬಡತನದಲ್ಲಿದೆ. ಆದುದರಿಂದ ಬಾಯಿ ಮುಚ್ಚುವ ಹೊಣೆಯನ್ನು ಕೊರೆಯುವ ಯಂತ್ರದವರ ಮೇಲೆಯೇ ಹೊರಿಸಿ, ಮುಚ್ಚಿದ ಹೊರತು ಯಂತ್ರವು ಹೊಲ ಬಿಟ್ಟು ಕದಲಕೂಡದೆಂದು ವಿಧಿಸಬೇಕು. ಹಳೆಯ ಬಾವಿಗಳನ್ನು ಗ್ರಾಮ ಪಂಚಾಯತಿಗಳೇ ತಮ್ಮ ಖರ್ಚಿನಿಂದ ಮುಚ್ಚಬೇಕು. ಒಂದು ಮಗುವನ್ನು ಹುಡುಕುವ ಎರಡು ದಿನಗಳ ವೆಚ್ಚದಲ್ಲಿ ಒಂದು ಹೋಬಳಿಯ ಬಾವಿಗಳನ್ನೆಲ್ಲ ಮುಚ್ಚಬಹುದು.

ನಮ್ಮ ಸೀಮೆಯವರಿಗೆ ಭೂಗರ್ಭದ ವ್ಯವಹಾರ ಹೊಸದಲ್ಲ. ದಕ್ಷಿಣ ಕನ್ನಡ ಕಾಸರಗೋಡುಗಳ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ಕೊರೆಯುವ ಪದ್ಧತಿ ಹಿಂದಿನಿಂದ ಬಂದಿದೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಹಲವು ಸುರಂಗಗಳು ವ್ಯರ್ಥವಾದರೂ ಎದೆಗುಂದದೆ ಒಬ್ಬರೇ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದರು. ೨೦೨೨ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ನಮ್ಮ ಹಿರಿಯರು ಬಾವಿ ತೋಡಿದರೆ ನೀರು ಸೇದುವ ಮೊದಲು ಕಟ್ಟೆ ಕಟ್ಟುತ್ತಿದ್ದರು. ನೀರು ಕೊಡುವುದು ಎಷ್ಟು ಪುಣ್ಯವೋ ತೆರೆದ ಗುಂಡಿ ಬಿಡುವುದು ಅಷ್ಟೇ ಪಾಪವೆಂದು ಅವರಿಗೆ ಯಾವ ಅಧಿನಿಯಮವೂ ಕಲಿಸಬೇಕಾಗಿರಲಿಲ್ಲ. ಆ ಕಟ್ಟೆಯ ಬುದ್ಧಿ ಕೊಳವೆಬಾವಿಯ ಕಾಲಕ್ಕೆ ನಮ್ಮನ್ನು ಬಿಟ್ಟುಹೋಯಿತೇ? ಕೊಳವೆಬಾವಿಯಷ್ಟೇ ಅಲ್ಲ, ನಮ್ಮಲ್ಲಿ ಕಲ್ಲು ತೆಗೆದು ಕೈಬಿಟ್ಟ ಕೋರೆಗಳು ಮಳೆಗಾಲದಲ್ಲಿ ತುಂಬಿ, ಈಜಲು ಇಳಿದ ಮಕ್ಕಳನ್ನು ನುಂಗುತ್ತವೆ. ಅಲ್ಲಿಯೂ ಬೇಲಿಯಿಲ್ಲ, ಅಲ್ಲಿಯೂ ಮೂರು ದಿನದ ಶೋಕ.

ನಾವು ಕೇಳುವುದು ಹೆಚ್ಚೇನಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಪ್ರತಿಯೊಂದು ಪಂಚಾಯತಿಯೂ ತನ್ನ ಮೇರೆಯ ತೆರೆದ ಬಾವಿ, ಕೋರೆ, ಹೊಂಡಗಳ ಪಟ್ಟಿ ಮಾಡಿ ಕಚೇರಿಯ ಗೋಡೆಗೆ ಅಂಟಿಸಲಿ. ತಹಶೀಲ್ದಾರರು ಆ ಪಟ್ಟಿಯನ್ನು ಹಿಡಿದು ಸ್ಥಳ ನೋಡಲಿ. ಪಟ್ಟಿಯಲ್ಲಿಲ್ಲದ ಹೊಂಡವನ್ನು ಕಂಡ ಮಹಾಜನರು ಬರೆದು ತಿಳಿಸಲಿ. ಅಂತಹ ಪತ್ರಗಳಿಗೆ ಈ ಪುಟದಲ್ಲಿ ಸ್ಥಳವುಂಟು, ಹೊಂಡ ಮುಚ್ಚುವವರೆಗೆ ಅವುಗಳನ್ನು ಮತ್ತೆ ಮತ್ತೆ ಅಚ್ಚುಹಾಕಲು ನಾವು ಬೇಸರಪಡುವುದಿಲ್ಲ. ಓದುಗರಲ್ಲಿ ಇನ್ನೊಂದು ವಿಜ್ಞಾಪನೆ: ಮುಂದೆಂದಾದರೂ ಇಂತಹ ಸುದ್ದಿ ಬಂದರೆ—ಬಾರದಿರಲಿ—‘ಮಗು ಸಿಕ್ಕಿತೇ?’ ಎಂದು ಕೇಳಿದವರು ತಿಂಗಳು ಕಳೆದ ಮೇಲೆ ‘ಬಾವಿ ಮುಚ್ಚಿತೇ?’ ಎಂದೂ ಕೇಳಬೇಕು.