ಕಪ್ಪಿನೊಳಗೆ ಎಷ್ಟೊಂದು ಬಣ್ಣ!

ಮೂರು ಕಪ್ಪು! ಒಂದಲ್ಲ, ಎರಡಲ್ಲ, ಮೂರು. ಸುಟ್ಟ ಮೂಳೆಯಿಂದ ತಯಾರಾಗುವ ಐವರಿ ಬ್ಲ್ಯಾಕ್, ಮಸಿಯಿಂದ ಬರುವ ಕಾರ್ಬನ್ ಬ್ಲ್ಯಾಕ್, ಕಬ್ಬಿಣದ ಆಕ್ಸೈಡಿನ ಮಾರ್ಸ್ ಬ್ಲ್ಯಾಕ್. ಶಿಕಾಗೊದ ಕಲಾವಿದ ಕೆರಿ ಜೇಮ್ಸ್ ಮಾರ್ಷಲ್ ಮನುಷ್ಯರ ಮೈಬಣ್ಣ ಹಚ್ಚಲು ಕುಂಚ ಎತ್ತಿಕೊಂಡರೆ ಅದ್ದುವುದು ಈ ಮೂರರಲ್ಲಿ. ಒಂದಕ್ಕೆ ಕೋಬಾಲ್ಟ್ ನೀಲಿ ಬೆರೆಸುತ್ತಾರೆ, ಇನ್ನೊಂದಕ್ಕೆ ಹಸಿರು, ಮಗದೊಂದಕ್ಕೆ ನೇರಳೆ. ಬೆರೆಸಿದ ಮೇಲೂ ಅದು ಕಪ್ಪೇ! ತಿಳಿಯಾಗುವುದಿಲ್ಲ, ಕಂದಾಗುವುದಿಲ್ಲ. ಆದರೆ ಪಕ್ಕಪಕ್ಕ ಹಚ್ಚಿದಾಗ ಕಪ್ಪಿನ ಮೇಲೆ ಕಪ್ಪಿನಲ್ಲೇ ಕೆನ್ನೆ ಮೂಡುತ್ತದೆ, ಮೂಗಿನ ಏಣು ಏಳುತ್ತದೆ, ಕತ್ತಿನ ಕೆಳಗೆ ನೆರಳು ಬೀಳುತ್ತದೆ. ಬೆಚ್ಚಗಿನ ಕಪ್ಪು, ತಣ್ಣಗಿನ ಕಪ್ಪು. ಇದನ್ನು ತಿಳಿದ ಮೇಲೆ ಕಪ್ಪನ್ನು ‘ಒಂದು ಬಣ್ಣ’ ಎನ್ನಲು ನನಗೆ ಬಾಯಿ ಬರುತ್ತಿಲ್ಲ.

ಮಾರ್ಷಲ್ ಹುಟ್ಟಿದ್ದು 1955ರಲ್ಲಿ, ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ. ಬೆಳೆದದ್ದು ಲಾಸ್ ಏಂಜಲೀಸಿನಲ್ಲಿ. ಅವರಿಗೆ ಈ ಕಪ್ಪಿನ ದಾರಿ ತೆರೆದುಕೊಟ್ಟದ್ದು 1980ರ ಒಂದು ಪುಟ್ಟ ಚಿತ್ರ: ಎಂಟು ಅಂಗುಲ ಎತ್ತರ, ಆರೂವರೆ ಅಂಗುಲ ಅಗಲ, ಅಷ್ಟೇ. ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸಿ ಕಾಗದದ ಮೇಲೆ ಬರೆದದ್ದು. ಕಪ್ಪು ಹಿನ್ನೆಲೆ, ಕಪ್ಪು ಕೋಟು, ಕಪ್ಪು ಹ್ಯಾಟು, ಕಪ್ಪು ಮುಖ. ಬೆಳ್ಳಗೆ ಕಾಣುವುದು ಎರಡು ಕಣ್ಣು, ಕತ್ತಿನ ಬಳಿ ಅಂಗಿಯ ತುಣುಕು, ಮತ್ತು ನಡುವೆ ಹಲ್ಲೊಂದು ಕಾಣೆಯಾದ ನಗು. ರಾಲ್ಫ್ ಎಲಿಸನ್ 1952ರಲ್ಲಿ ‘ಇನ್‌ವಿಸಿಬಲ್ ಮ್ಯಾನ್’ ಎಂಬ ಕಾದಂಬರಿ ಬರೆದಿದ್ದರು. ಎದುರಿಗೇ ನಿಂತಿದ್ದರೂ ಯಾರ ಕಣ್ಣಿಗೂ ಬೀಳದಂತೆ ಬದುಕಬೇಕಾದ ಕಪ್ಪು ಮನುಷ್ಯನ ಕಥೆ ಅದು. ಅದನ್ನೇ ಮಾರ್ಷಲ್ ಬಣ್ಣದಲ್ಲಿ ಹಿಡಿದರು. ಇದ್ದಾನೆ, ಕಾಣುತ್ತಿಲ್ಲ. ಕಾಣುತ್ತಿಲ್ಲ, ಆದರೆ ನಗುತ್ತಿದ್ದಾನೆ!

ಅಲ್ಲಿಂದ ಮೂವತ್ತೆರಡು ವರ್ಷ ಮುಂದೆ ಬನ್ನಿ. 2012ರ ‘ಸ್ಕೂಲ್ ಆಫ್ ಬ್ಯೂಟಿ, ಸ್ಕೂಲ್ ಆಫ್ ಕಲ್ಚರ್’. ಈಗ ಚಿತ್ರ ಸುಮಾರು ಒಂಬತ್ತು ಅಡಿ ಎತ್ತರ, ಹದಿಮೂರು ಅಡಿ ಅಗಲ. ಒಂದು ಬ್ಯೂಟಿ ಪಾರ್ಲರ್. ತುಂಬ ಜನ, ತುಂಬ ಕೂದಲು, ತುಂಬ ಠೀವಿ. ಎಲ್ಲರೂ ಅಚ್ಚ ಕಪ್ಪು. ಹಿಂದಿನ ಕನ್ನಡಿಯಲ್ಲಿ ಕ್ಯಾಮೆರಾ ಫ್ಲ್ಯಾಶ್ ಒಂದು ಸಿಡಿದು ಫೋಟೊ ತೆಗೆಯುವವನ ಮುಖವನ್ನೇ ನುಂಗಿಬಿಟ್ಟಿದೆ. ಇಷ್ಟು ನೋಡಿ ಕಣ್ಣು ಕೆಳಗಿಳಿಸಿದರೆ ನೆಲದ ಮೇಲೆ ಏನೋ ಓರೆಯಾಗಿ, ಎಳೆದು ಹಿಗ್ಗಿಸಿದಂತೆ ಬಿದ್ದಿದೆ. ಬದಿಗೆ ಸರಿದು ಕೆನ್ನೆ ವಾಲಿಸಿ ನೋಡಬೇಕು. ಆಗ ಅದು ಕೂಡಿಕೊಳ್ಳುತ್ತದೆ: ಡಿಸ್ನಿಯ ಸ್ಲೀಪಿಂಗ್ ಬ್ಯೂಟಿ! ಹೊಂಗೂದಲ, ಬಿಳಿ ಮೈಯ ರಾಜಕುಮಾರಿ. 1533ರಲ್ಲಿ ಹಾನ್ಸ್ ಹೋಲ್ಬೈನ್ ‘ದಿ ಅಂಬಾಸಡರ್ಸ್’ ಚಿತ್ರದ ಕಾಲಬಳಿ ತಲೆಬುರುಡೆಯೊಂದನ್ನು ಹೀಗೇ ಓರೆಯಾಗಿ ಎಳೆದಿಟ್ಟಿದ್ದ. ವೈಭವದಲ್ಲಿ ನಿಂತ ಇಬ್ಬರು ಗಂಡಸರ ನಡುವೆ ಅಡಗಿ ಕೂತ ಸಾವು ಅದು. ಇಲ್ಲಿ ಆ ಜಾಗದಲ್ಲಿ ಬಿಳಿ ಚೆಲುವಿನ ಮಾದರಿ ಬಿದ್ದಿದೆ. ಪಾರ್ಲರಿನ ದೊಡ್ಡವರು ಯಾರೂ ಅದರ ಕಡೆ ತಿರುಗಿಯೂ ನೋಡುತ್ತಿಲ್ಲ. ಒಂದು ಪುಟ್ಟ ಮಗು ಮಾತ್ರ ಬಗ್ಗಿ ಅದನ್ನೇ ಇಣುಕುತ್ತಿದೆ. ಆ ಮಗು ಏನು ಕಲಿಯುತ್ತದೆ? ಇಡೀ ಹದಿಮೂರು ಅಡಿಯ ಎದೆಬಡಿತ ಆ ಬಗ್ಗಿದ ಬೆನ್ನಿನಲ್ಲಿದೆ. ಚಿತ್ರ ಈಗಿರುವುದು ಎಲ್ಲಿ ಗೊತ್ತೆ? ಬರ್ಮಿಂಗ್‌ಹ್ಯಾಮಿನ ಮ್ಯೂಸಿಯಮ್ಮಿನಲ್ಲಿ, ಮಾರ್ಷಲ್ ಹುಟ್ಟಿದ ಊರಿನಲ್ಲೇ.

(ದುಡ್ಡಿನ ಮಾತೂ ಒಂದಿರಲಿ. ಕೆರೆದಂಡೆಯಲ್ಲಿ ಕಪ್ಪು ಕುಟುಂಬ ಆರಾಮಾಗಿ ಆಟವಾಡುವ ಅವರ ‘ಪಾಸ್ಟ್ ಟೈಮ್ಸ್’ ಚಿತ್ರವನ್ನು ಶಿಕಾಗೊದ ಸಾರ್ವಜನಿಕ ಸಂಸ್ಥೆಯೊಂದು 1997ರಲ್ಲಿ 25,000 ಡಾಲರಿಗೆ ಕೊಂಡಿತ್ತು. 2018ರಲ್ಲಿ ಅದು ಹರಾಜಾದದ್ದು 2.11 ಕೋಟಿ ಡಾಲರಿಗೆ.)

ಸರಿ, ಕಪ್ಪನ್ನು ಹೀಗೆ ತುಂಬಿ ತುಳುಕಿಸುವುದೇ ಉತ್ತರ ಎಂದುಕೊಳ್ಳುವಷ್ಟರಲ್ಲಿ ಕಲಾವಿದೆ ಏಮಿ ಶೆರಾಲ್ಡ್ ಎದುರಾಗುತ್ತಾರೆ. ಅವರು ಮಾಡುವುದು ಪೂರ್ತಿ ತಿರುವುಮುರುವು! ಮೈಗೆ ಬೂದು ಬಣ್ಣ. ಹಳೆಯ ಕಪ್ಪು-ಬಿಳುಪು ಫೋಟೊದಿಂದ ಎದ್ದು ಬಂದ ಹಾಗೆ. ಬಟ್ಟೆಗೆ ಮಾತ್ರ ಕಣ್ಣು ಕುಕ್ಕುವ ಹಳದಿ, ಗುಲಾಬಿ, ಕೆಂಪು. ಶೆರಾಲ್ಡ್ ಮೂವತ್ತು ದಾಟಿ ಎಷ್ಟೋ ವರ್ಷಗಳ ತನಕ ಬಾಲ್ಟಿಮೋರಿನಲ್ಲಿ ಹೋಟೆಲ್ ಸಪ್ಲೈಯರ್ ಆಗಿ ದುಡಿದವರು. 2012ರಲ್ಲಿ ಹೃದಯ ಕಸಿ ಮಾಡಿಸಿಕೊಂಡವರು. 2018ರ ಫೆಬ್ರುವರಿ 12ರಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿಯಲ್ಲಿ ಅವರು ಬರೆದ ಮಿಷೆಲ್ ಒಬಾಮಾ ಚಿತ್ರದ ಪರದೆ ಸರಿಸಿದಾಗ ಎಷ್ಟೋ ಜನ ಹುಬ್ಬು ಗಂಟಿಕ್ಕಿದರು. ಇದು ಮಿಷೆಲ್ ಬಣ್ಣ ಅಲ್ಲವಲ್ಲ! ಅಲ್ಲವೇ ಅಲ್ಲ, ಅದೇ ಅದರ ಗುಟ್ಟು. ಚರ್ಮ ನೋಡಿ ಮನುಷ್ಯನನ್ನು ಓದಿ ಮುಗಿಸುವ ನಮ್ಮ ಕಣ್ಣಿಗೆ ಅಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಆಗ ಉಳಿದದ್ದನ್ನು ನೋಡಲೇಬೇಕು: ಗದ್ದಕ್ಕೆ ಆನಿಸಿದ ಕೈ, ನೇರ ನೋಟ, ಚಿತ್ರದ ಮುಕ್ಕಾಲು ಪಾಲು ಹರಡಿದ ಆ ಲಂಗ. ಲಂಗದ ಕೋನಕೋನದ ವಿನ್ಯಾಸದಲ್ಲಿ ಶೆರಾಲ್ಡ್ ಕಂಡದ್ದು ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕೌದಿಗಳನ್ನು. ಗುಲಾಮರ ಮೊಮ್ಮಕ್ಕಳು, ಮರಿಮೊಮ್ಮಕ್ಕಳಾದ ಹೆಂಗಸರು ಹರಿದ ಕೆಲಸದ ಬಟ್ಟೆಗಳನ್ನು ಜೋಡಿಸಿ ಹೊಲಿದ ಕೌದಿಗಳವು. ಮಾಜಿ ಅಧ್ಯಕ್ಷರ ಪತ್ನಿಯ ಮಡಿಲ ಮೇಲೆ ಹೊಲದಾಳುಗಳ ಕೌದಿ! ಅದೇ ದಿನ ಅನಾವರಣಗೊಂಡ ಬರಾಕ್ ಒಬಾಮಾ ಚಿತ್ರದಲ್ಲಿ ಕೆಹಿಂಡೆ ವೈಲಿ ಹೂವಿನಲ್ಲೇ ವಂಶಾವಳಿ ಬರೆದಿದ್ದರು: ತಂದೆಯ ಕೀನ್ಯಾಕ್ಕೆ ಆಫ್ರಿಕಾದ ನೀಲಿ ಲಿಲಿ, ಹುಟ್ಟಿದ ಹವಾಯಿಗೆ ಮಲ್ಲಿಗೆ, ನೆಲೆ ಕಂಡ ಶಿಕಾಗೊಗೆ ಸೇವಂತಿಗೆ.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲ್ಲಾಡಿಸಿದ ಕೃತಿಗೆ ಬರುತ್ತೇನೆ. ಏಡ್ರಿಯನ್ ಪೈಪರ್, 1988, ‘ಕಾರ್ನರ್ಡ್’. ಕೋಣೆಯ ಮೂಲೆಯಲ್ಲಿ ಒಂದು ಟಿ.ವಿ. ಅದರ ಮುಂದೆ ಉರುಳಿಸಿದ ಮೇಜು. ಪರದೆಯ ಮೇಲೆ ಮುತ್ತಿನ ಸರ ಹಾಕಿದ ಹೆಂಗಸು (ಸ್ವತಃ ಪೈಪರ್), ಬಿಳಿಯಳೆಂದೇ ಯಾರೂ ತಿಳಿಯುವಂಥ ಮೈಬಣ್ಣ. ತಾನು ಕಪ್ಪು ಹೆಂಗಸು ಎಂದು ಶಾಂತವಾಗಿ ಹೇಳಿ ಮಾತು ಶುರು ಮಾಡುತ್ತಾಳೆ. ಆಮೇಲೆ ನೋಡುವವರನ್ನೇ ಕೇಳುತ್ತಾಳೆ: ನೀವು ಬಿಳಿಯರೆಂದು ನಿಮಗೆ ಖಾತ್ರಿಯೇ? ನಿಮ್ಮ ಪೂರ್ವಿಕರಲ್ಲಿ ಕಪ್ಪು ಜನ ಇದ್ದಿರಬಹುದಲ್ಲ? ಇದ್ದರೆ ಈಗ ಏನು ಮಾಡುತ್ತೀರಿ? ಟಿ.ವಿ.ಯ ಮೇಲೆ, ಎರಡು ಬದಿಯ ಗೋಡೆಗಳಲ್ಲಿ, ಚೌಕಟ್ಟು ಹಾಕಿದ ಎರಡು ಜನನ ಪ್ರಮಾಣಪತ್ರ. ಎರಡೂ ಪೈಪರ್ ಅವರ ತಂದೆಯವು! ಒಂದರಲ್ಲಿ ಆತ ಬಿಳಿಯ. ಇನ್ನೊಂದರಲ್ಲಿ ‘ಆಕ್ಟರೂನ್’, ಅಂದರೆ ಎಂಟನೇ ಒಂದು ಪಾಲು ಕಪ್ಪು. ಒಬ್ಬನೇ ಮನುಷ್ಯ, ಒಂದೇ ಹುಟ್ಟು, ಎರಡು ಜನಾಂಗ. ಇದು ಕಲಾವಿದೆ ಕಟ್ಟಿದ ಕಥೆಯಲ್ಲ. 1890ರ ಅಮೆರಿಕದ ಜನಗಣತಿಯಲ್ಲಿ ಮನೆ ಮನೆಗೆ ಹೋದ ಗಣತಿದಾರರಿಗೆ ಕಪ್ಪು, ಮುಲಾಟೊ, ಕ್ವಾಡ್ರೂನ್, ಆಕ್ಟರೂನ್ ಎಂದು ರಕ್ತವನ್ನು ಅರ್ಧ, ಕಾಲು, ಅರೆಕಾಲು ಲೆಕ್ಕ ಹಾಕಿ ಬರೆಯುವ ಆಜ್ಞೆ ಇತ್ತು. ಒಂದಕ್ಕಿಂತ ಹೆಚ್ಚು ಜನಾಂಗಗಳಿಗೆ ತಾವೇ ಗುರುತು ಹಾಕುವ ಅವಕಾಶ ಜನರಿಗೆ ಸಿಕ್ಕಿದ್ದು 2000ದ ಗಣತಿಯಲ್ಲಿ.

ಪೈಪರ್ ಸಾಮಾನ್ಯರಲ್ಲ. ಹಾರ್ವರ್ಡಿನಲ್ಲಿ ತತ್ವಶಾಸ್ತ್ರದ ಡಾಕ್ಟರೇಟ್ ಪಡೆದವರು, ಕಾಂಟ್‌ನ ಜೊತೆಗೆ ಯೋಗ, ವೇದಾಂತಗಳನ್ನೂ ದಶಕಗಟ್ಟಲೆ ಅಭ್ಯಾಸ ಮಾಡಿದವರು. ಎದುರಿಗಿರುವವಳು ಬಿಳಿಯಳೆಂದು ನಂಬಿ ಯಾರಾದರೂ ಕಪ್ಪು ಜನರ ಬಗ್ಗೆ ಕೀಳು ಮಾತಾಡಿದರೆ ಅವರ ಕೈಗೆ ಒಂದು ಪುಟ್ಟ ಕಾರ್ಡ್ ಕೊಟ್ಟುಬಿಡುತ್ತಿದ್ದರು: ನಾನು ಕಪ್ಪು ಹೆಂಗಸು, ನಿಮಗೆ ಅದು ತಿಳಿದಿರಲಿಕ್ಕಿಲ್ಲ ಎಂಬ ಅರ್ಥದ ನಾಲ್ಕು ಸಭ್ಯ ಸಾಲು. ಅದೂ ಕಲಾಕೃತಿಯೇ! ಕೊನೆಗೆ 2012ರಲ್ಲಿ, ತಮ್ಮ 64ನೇ ಹುಟ್ಟುಹಬ್ಬದಂದು, ಕಪ್ಪು ಗುರುತಿನಿಂದಲೇ ನಿವೃತ್ತಿ ಘೋಷಿಸಿದರು. ಇನ್ನು ತಾನು ಕಪ್ಪೂ ಅಲ್ಲ, ಬಿಳಿಯೂ ಅಲ್ಲ. ಹದಿನಾರನೇ ಒಂದು ಪಾಲು ಆಫ್ರಿಕನ್ ಮೂಲದ ಲೆಕ್ಕದಲ್ಲಿ ಶೇ 6.25ರಷ್ಟು ಬೂದು. ಮತ್ತೆ ಬೂದು! ಶೆರಾಲ್ಡ್ ಕುಂಚದಿಂದ ತಲುಪಿದ ಬಣ್ಣವನ್ನು ಪೈಪರ್ ಗಣಿತದಿಂದ ತಲುಪಿದ್ದರು. ಇಂಥ ಧೈರ್ಯ ಇನ್ಯಾರಿಗಿದೆ?

ಗುರುತು ಎನ್ನುವುದು ನೋಡುವವರ ಕಣ್ಣಲ್ಲಿ ಎಷ್ಟಿದೆ, ಮೈಯಲ್ಲಿ ಎಷ್ಟಿದೆ? ಗ್ಲೆನ್ ಲಿಗನ್ ಇದನ್ನು ಪರೀಕ್ಷೆಗೇ ಹಚ್ಚಿದರು. ನಾನು ಕಾಣೆಯಾಗಿದ್ದೇನೆ ಎಂದುಕೊಂಡು ಪೊಲೀಸರಿಗೆ ನನ್ನ ಚಹರೆ ಹೇಳುವ ಹಾಗೆ ಹೇಳಿ ಎಂದು ಹತ್ತು ಗೆಳೆಯರನ್ನು ಕೇಳಿದರು. ಕಾರಣ ಹೇಳಲಿಲ್ಲ. ಬಂದ ಹತ್ತು ವರ್ಣನೆಗಳನ್ನು 1993ರಲ್ಲಿ ಹತ್ತೊಂಬತ್ತನೇ ಶತಮಾನದ ‘ಗುಲಾಮ ಓಡಿಹೋಗಿದ್ದಾನೆ’ ಜಾಹೀರಾತುಗಳ ಮಾದರಿಯಲ್ಲೇ ಅಚ್ಚು ಹಾಕಿದರು. ಓದಿದರೆ ಮೈ ಜುಮ್ಮೆನ್ನುತ್ತದೆ. ಪ್ರೀತಿಯ ಗೆಳೆಯರು ಸಹಜವಾಗಿ ಆಡಿದ ಮಾತು ಗುಲಾಮರ ಒಡೆಯನ ಮಾತಿನ ಅಚ್ಚಿನಲ್ಲಿ ಸಲೀಸಾಗಿ ಕೂತುಬಿಟ್ಟಿದೆ! ಮೈಬಣ್ಣದಲ್ಲೂ ಒಮ್ಮತವಿಲ್ಲ, ತೀರಾ ತಿಳಿಯೂ ಅಲ್ಲ, ತೀರಾ ಕಪ್ಪೂ ಅಲ್ಲ, ತುಸು ಕಿತ್ತಳೆ ಎನ್ನುತ್ತಾರೆ ಒಬ್ಬರು. ಇದೇ ಲಿಗನ್ ಜೊತೆ ಹರಟುತ್ತಾ ಹಾರ್ಲೆಮ್ಮಿನ ಸ್ಟುಡಿಯೊ ಮ್ಯೂಸಿಯಮ್ಮಿನ ಥೆಲ್ಮಾ ಗೋಲ್ಡನ್ ‘ಪೋಸ್ಟ್-ಬ್ಲ್ಯಾಕ್’ ಎಂಬ ಹೆಸರು ಕಟ್ಟಿದರು. 2001ರಲ್ಲಿ 28 ಯುವ ಕಲಾವಿದರ ‘ಫ್ರೀಸ್ಟೈಲ್’ ಪ್ರದರ್ಶನ ನಡೆಸಿದರು: ಕಪ್ಪು ಕಲಾವಿದ ಎಂಬ ಹಣೆಪಟ್ಟಿ ಒಲ್ಲದವರು, ಆದರೆ ಕಪ್ಪುತನ ಎಂದರೇನೆಂದು ಹೊಸದಾಗಿ ಕೆದಕುವವರು.

ಜಗಳವೂ ಇತ್ತು, ಜೋರಾಗಿಯೇ. ಕ್ಯಾರಾ ವಾಕರ್ ಕಪ್ಪು ಕಾಗದ ಕತ್ತರಿಸಿ ಗುಲಾಮಗಿರಿಯ ಕಾಲದ ಕ್ರೌರ್ಯ, ಕಾಮಗಳನ್ನು ಗೋಡೆ ತುಂಬ ಅಂಟಿಸಿದಾಗ ಹಿರಿಯ ಕಲಾವಿದೆ ಬೆಟಿ ಸಾರ್ 1997ರಲ್ಲಿ ಪತ್ರದ ಮೇಲೆ ಪತ್ರ ಬರೆದು ವಿರೋಧಿಸಿದರು. ಕಪ್ಪು ಜನರ ಹೀನ ಚಿತ್ರಗಳನ್ನು ಮತ್ತೆ ಬಿಳಿಯರ ಮನರಂಜನೆಗೆ ಇಡುವುದೇ ಎಂಬುದು ಅವರ ಸಂಕಟ. ಆ ಸಂಕಟ ಸುಳ್ಳಲ್ಲ. ಆದರೂ ವಾಕರ್ ಕೃತಿಯ ಮುಂದೆ ಒಂದು ವಿಷಯ ಹೊಳೆಯದೆ ಇರುವುದಿಲ್ಲ: ಅಲ್ಲಿ ಒಡೆಯನೂ ಕಪ್ಪು ಕಾಗದ, ಗುಲಾಮನೂ ಕಪ್ಪು ಕಾಗದ! ತುಟಿಯ ಗೆರೆ, ಕೂದಲ ಗಂಟು, ಲಂಗದ ಅಂಚು ನೋಡಿ ಇವನು ಬಿಳಿಯ, ಅವಳು ಕಪ್ಪು ಎಂದು ವಿಂಗಡಿಸುತ್ತಿರುವುದು ನಮ್ಮದೇ ಕಣ್ಣು.

ನಿಕ್ ಕೇವ್ ಆ ವಿಂಗಡಣೆಗೇ ಬಾಗಿಲು ಹಾಕಿದರು. 1991ರಲ್ಲಿ ಲಾಸ್ ಏಂಜಲೀಸಿನ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಬಡಿದ ವಿಡಿಯೊ ನೋಡಿ ನೊಂದ ಕೇವ್ ಶಿಕಾಗೊದ ಪಾರ್ಕೊಂದರಲ್ಲಿ ಕೂತಿದ್ದರು. ಯಾರಿಗೂ ಬೇಡವಾಗಿ ನೆಲದ ಮೇಲೆ ಬಿದ್ದಿದ್ದ ಕಡ್ಡಿಗಳನ್ನು ಆರಿಸಿದರು, ತುಂಡರಿಸಿದರು, ಸಾವಿರಾರು ತುಂಡುಗಳನ್ನು ಪೋಣಿಸಿ ಅಡಿಯಿಂದ ಮುಡಿಯವರೆಗೆ ಮುಚ್ಚುವ ಉಡುಪು ಮಾಡಿದರು. ತೊಟ್ಟು ಹೆಜ್ಜೆ ಇಟ್ಟರೆ ಅದು ಸರಬರ ಸದ್ದು ಮಾಡಿತು! ಹೀಗೆ ಹುಟ್ಟಿದ್ದು ‘ಸೌಂಡ್‌ಸೂಟ್’. ಒಳಗಿರುವುದು ಕಪ್ಪೋ ಬಿಳಿಯೋ, ಹೆಣ್ಣೋ ಗಂಡೋ ತಿಳಿಯದು. ಆಮೇಲೆ ಗುಂಡಿ, ಮಣಿ, ಬಣ್ಣಬಣ್ಣದ ಕೂದಲಲ್ಲಿ ಐನೂರಕ್ಕೂ ಹೆಚ್ಚು ಮಾಡಿದ್ದಾರೆ.

ಈ ಪ್ರಶ್ನೆ ತಣ್ಣಗಾಗಿಲ್ಲ. ಸ್ವಾತಂತ್ರ್ಯ ದೇವಿಯ ಭಂಗಿಯಲ್ಲಿ ಕಪ್ಪು ಟ್ರಾನ್ಸ್‌ಜೆಂಡರ್ ಮಹಿಳೆಯನ್ನು ಬರೆದ ತಮ್ಮ ಚಿತ್ರಕ್ಕೆ ತಕರಾರು ಎದ್ದಾಗ, 2025ರ ಜುಲೈಯಲ್ಲಿ ಶೆರಾಲ್ಡ್ ಅದೇ ಭಾವಚಿತ್ರ ಗ್ಯಾಲರಿಯಲ್ಲಿ ನಡೆಯಬೇಕಿದ್ದ ತಮ್ಮ ದೊಡ್ಡ ಪ್ರದರ್ಶನವನ್ನೇ ಹಿಂತೆಗೆದುಕೊಂಡು ಬಾಲ್ಟಿಮೋರಿಗೆ ಒಯ್ದರು. ಮಾರ್ಷಲ್ ಅತ್ತ ವಾಷಿಂಗ್ಟನ್ನಿನ ನ್ಯಾಷನಲ್ ಕ್ಯಾಥೆಡ್ರಲ್‌ನಲ್ಲಿ, ಗುಲಾಮಗಿರಿಯ ಪರ ಕಾದಾಡಿದ ದಂಡನಾಯಕರಾದ ಲೀ ಮತ್ತು ಜಾಕ್ಸನ್ ಚಿತ್ರಗಳಿದ್ದ ಬಣ್ಣದ ಗಾಜಿನ ಕಿಟಕಿಗಳ ಜಾಗಕ್ಕೆ ಹೊಸ ಕಿಟಕಿ ರಚಿಸಿಕೊಟ್ಟರು. ಅದರಲ್ಲಿ ಫಲಕ ಹಿಡಿದು ನಡೆಯುವ ಕಪ್ಪು ಜನರ ಮೆರವಣಿಗೆ. 2.11 ಕೋಟಿ ಡಾಲರಿಗೆ ಹರಾಜಾದ ಚಿತ್ರ ಬರೆದವರು ಇದಕ್ಕೆ ತೆಗೆದುಕೊಂಡ ಸಂಭಾವನೆ 18 ಡಾಲರ್ 65 ಸೆಂಟ್; ಗುಲಾಮಗಿರಿ ಕಾನೂನಿನಿಂದ ತೊಲಗಿದ ವರ್ಷ 1865.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಅಪ್ಪ ಅಮ್ಮಂದಿರು ವಾಷಿಂಗ್ಟನ್ನಿನಲ್ಲಿ ಶ್ವೇತಭವನದ ಮುಂದೆ ಫೋಟೊ ತೆಗೆಸಿಕೊಂಡು ಬಂದುಬಿಡುತ್ತಾರೆ. ದಯವಿಟ್ಟು ಅರ್ಧ ದಿನ ಉಳಿಸಿಕೊಂಡು ಕ್ಯಾಥೆಡ್ರಲ್‌ನ ಈ ಕಿಟಕಿಗಳ ಕೆಳಗೆ ಒಮ್ಮೆ ನಿಲ್ಲಿ. ಶಿಕಾಗೊ, ನ್ಯೂಯಾರ್ಕ್ ಕಡೆ ಇದ್ದರೆ ಮ್ಯೂಸಿಯಮ್ಮುಗಳಲ್ಲಿ ಮಾರ್ಷಲ್ ಚಿತ್ರ ಎಲ್ಲಿದೆ ಎಂದು ಕೇಳಿ ಹುಡುಕಿ. ಫೋನಿನ ಪರದೆಯಲ್ಲಿ ಆ ಮೂರು ಕಪ್ಪುಗಳೂ ಒಂದೇ ಆಗಿ ಕಲಸಿಹೋಗುತ್ತವೆ. ಅವುಗಳನ್ನು ಎದುರಿಗೇ ನಿಂತು ನೋಡಬೇಕು.