ಬಿಸಿಲಿನ ವಿದ್ಯುತ್ತು, ಬಾಷ್ಪದ ನೆಲ

ಸೌರವಿದ್ಯುತ್ತು ಹೊಗೆಯನ್ನುಗುಳದು, ಸದ್ದು ಮಾಡದು. ಆ ಕಾರಣದಿಂದಲೇ ಅದು ಎಲ್ಲಿಟ್ಟರೂ ನಿರಪಾಯಕರವೆಂಬ ನಂಬಿಕೆ ಜನರಲ್ಲಿ ಬೇರೂರುತ್ತಿರುವುದು. ಮನೆಯ ಮಾಳಿಗೆಯ ಮಟ್ಟಿಗೆ ಈ ನಂಬಿಕೆಯಿಂದ ಹೆಚ್ಚಿನ ಕೇಡಾಗಲಾರದು. ಆದರೆ ಬೀದರ ನಗರದಂಚಿನ ಕೊಳಾರ ಕೈಗಾರಿಕಾ ಪ್ರದೇಶದ ಔಷಧ-ರಸಾಯನ ಘಟಕಗಳಲ್ಲಿ ದ್ರಾವಕದ ಆವಿ ಸುಳಿಯುವೆಡೆ, ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿರುವಂತಹ ಸಕ್ಕರೆ ಕಾರ್ಖಾನೆಯ ಚೀಲ ತುಂಬುವ ಕೋಣೆಯಲ್ಲಿ, ಔರಾದಿನ ಹಾದಿಯ ಪೆಟ್ರೋಲ್ ಬಂಕಿನ ಟ್ಯಾಂಕಿನ ಮುಚ್ಚಳದ ಬಳಿ, ಸಡಿಲವಾದ ಒಂದು ತಂತಿಯ ಕಿಡಿ ಏನನ್ನು ಮಾಡಬಲ್ಲದೆಂಬುದನ್ನು ಬಲ್ಲವರು ಯಂತ್ರವನ್ನು ಕೊಳ್ಳುವುದಕ್ಕೆ ಮೊದಲು ನೆಲವನ್ನು ಪರೀಕ್ಷಿಸುವರು.

ಅಪಾಯವಲಯಗಳ ವರ್ಗೀಕರಣವೆಂಬುದು ಈ ನೆಲದ ಪರೀಕ್ಷೆಯೇ. ಭಾರತೀಯ ಮಾನಕ ಐಎಸ್ 5572ರ ಪ್ರಕಾರ ಸ್ಫೋಟಶೀಲ ಅನಿಲ ಸದಾ ನೆಲೆಸಿರುವ ತಾಣ ವಲಯ 0. ಕೆಲಸ ಕ್ರಮವಾಗಿ ನಡೆಯುತ್ತಿರುವಾಗಲೂ ಅದು ತಲೆದೋರಬಹುದಾದುದು ವಲಯ 1. ಏನಾದರೂ ಕೆಟ್ಟಾಗ ಮಾತ್ರ, ಅದೂ ಅಲ್ಪಕಾಲ, ಕಾಣಿಸಿಕೊಳ್ಳುವಂಥದು ವಲಯ 2. ಬಂಕಿನ ನೆಲದಡಿಯ ಟ್ಯಾಂಕಿನ ಒಳಭಾಗ ವಲಯ 0. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ತಗ್ಗಿಗಿಳಿದು ತಂಗುವುದು. ಆದಕಾರಣ ಛಾವಣಿಯ ಮೇಲಣ ಫಲಕಕ್ಕಿಂತ, ಅಲ್ಲಿಂದಿಳಿದು ಗುಂಡಿಯ ಮಗ್ಗುಲಲ್ಲಿ ಹಾಯುವ ಕೇಬಲ್ಲನ್ನೇ ಹೆಚ್ಚು ಶಂಕಿಸತಕ್ಕದ್ದು. ಸೀಸ-ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಹೊಮ್ಮುವ ಜಲಜನಕದ ನಡೆ ಇದಕ್ಕೆ ವಿಪರೀತ: ಅದು ಮೇಲೇರಿ ಸೂರಿನಡಿ ಸೇರಿಕೊಳ್ಳುವುದು, ಗಾಳಿಯಲ್ಲಿ ಶೇಕಡಾ 4ರಷ್ಟಾದರೆ ಹೊತ್ತಿಕೊಳ್ಳಬಲ್ಲದು.

ಧೂಳಿಗೂ 20, 21, 22 ಎಂಬ ವಲಯಗಳುಂಟು. ನಾಲಗೆಗೆ ಸಿಹಿಯಾದ ಸಕ್ಕರೆ ಸ್ಫೋಟಿಸಬಲ್ಲದೆಂದರೆ ನಗುವವರಿರಬಹುದು. ಆದರೆ 2008ರ ಫೆಬ್ರವರಿ 7ರಂದು ಅಮೆರಿಕೆಯ ಜಾರ್ಜಿಯಾದ ಪೋರ್ಟ್ ವೆಂಟ್‌ವರ್ತ್ ಸಕ್ಕರೆ ಕಾರ್ಖಾನೆಯಲ್ಲಿ, ಸುತ್ತಲೂ ಮುಚ್ಚಿದ ಸಾಗಣೆಪಟ್ಟಿಯೊಳಗಿನ ಧೂಳು ಸಿಡಿದು, ಆ ಆಘಾತಕ್ಕೆ ತೊಲೆಗಳ ಮೇಲೆಲ್ಲ ಕುಳಿತಿದ್ದ ಧೂಳು ಎದ್ದು ಹೊತ್ತಿ, 14 ಜನ ಅಸುನೀಗಿದರು.

ಸೌರೋಪಕರಣದ ವೈಶಿಷ್ಟ್ಯವಾದರೋ ಬೇರೆ. ಮೋಟಾರಿನ ಸ್ವಿಚ್ಚನ್ನು ಆರಿಸಿದರೆ ಅದು ನಿರ್ಜೀವ. ಫಲಕವೋ ಬಿಸಿಲಿರುವ ತನಕ ಯಾರ ಅಪ್ಪಣೆಗೂ ಕಾಯದು, ಇನ್ವರ್ಟರನ್ನು ನಿಲ್ಲಿಸಿದರೂ ಫಲಕದಿಂದ ಅದರವರೆಗಿನ ತಂತಿಯಲ್ಲಿ ವೋಲ್ಟೇಜು ಉಳಿದೇ ಇರುವುದು. ಮನೆಗೆ ಬರುವ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 100 ಸಲ ಶೂನ್ಯವನ್ನು ಹಾಯುವುದರಿಂದ ಅದರ ಕಿಡಿಗೆ ಆರುವ ಅವಕಾಶವಿದೆ. ಫಲಕದ ನೇರ ವಿದ್ಯುತ್ತಿಗೆ ಅಂತಹ ವಿರಾಮವಿಲ್ಲ.

ತಾಪದ ಮಾತು ಇನ್ನೂ ಸೂಕ್ಷ್ಮ. ಉಪಕರಣದ ಮೈ ಎಷ್ಟು ಬಿಸಿಯೇರಬಹುದೆಂಬುದಕ್ಕೆ ಟಿ-1ರ 450 ಡಿಗ್ರಿಯಿಂದ ಟಿ-6ರ 85 ಡಿಗ್ರಿಯವರೆಗೆ ದರ್ಜೆಗಳಿವೆ; ಬೇರೆ ನಮೂದಿಲ್ಲದಿದ್ದರೆ ಸುತ್ತಲಿನ ಗಾಳಿ 40 ಡಿಗ್ರಿಯನ್ನು ಮೀರದೆಂದೇ ಈ ಲೆಕ್ಕ. ಬೀದರ ಸೀಮೆಯ ಬೇಸಗೆಯಲ್ಲಿ ನೆರಳೇ ಆ ಅಂಕಿಯ ಸಮೀಪಕ್ಕೆ ಬರುವಾಗ, ಕಾದ ಫಲಕದ ಬೆನ್ನಿಗೆ ಬಿಗಿದ ಜಂಕ್ಷನ್ ಬಾಕ್ಸಿನ ಪಾಡೇನು?

ಒಳಗೆ ಸಿಡಿದರೂ ಜ್ವಾಲೆಯನ್ನು ಹೊರಬಿಡದ ಗಟ್ಟಿ ಪೆಟ್ಟಿಗೆಗಳೂ, ಹೊತ್ತಿಸುವಷ್ಟು ಶಕ್ತಿಯನ್ನೇ ಹರಿಯಗೊಡದ ಮಂಡಲಗಳೂ ಲಭ್ಯವುಂಟು. ಟ್ಯಾಂಕಿನ ಮಟ್ಟವನ್ನಳೆಯುವ ಪುಟ್ಟ ಸೌರಮಾಪಕದಂತಹವಕ್ಕೆ ಅವು ಅನಿವಾರ್ಯ. ಮಿಕ್ಕ ಕಡೆಗಳಲ್ಲಿ, ನನ್ನ ಅಭಿಪ್ರಾಯದಲ್ಲಿ, ವಲಯದ ನಕ್ಷೆಯನ್ನು ಹರಡಿಕೊಂಡು ಫಲಕ, ಇನ್ವರ್ಟರ್, ಬ್ಯಾಟರಿಗಳನ್ನು ಗೆರೆಯಿಂದಾಚೆಗೆ ಒಯ್ಯುವುದೇ ಲೇಸು. ಅದಕ್ಕೆ ತಗಲುವುದು ತುಸು ಉದ್ದದ ಕೇಬಲ್ಲು ಮಾತ್ರ.